ಗ್ರಾನೋನ್ ಘಟ್ಟದ ರಸ್ತೆಬದಿಯಲ್ಲಿ ಟೂರ್ ದ ಫ್ರಾನ್ಸ್

ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯನ್ನು ರಸ್ತೆಬದಿಯಲ್ಲಿ ನಿಂತು ನೋಡಲು ಟಿಕೆಟ್ ಬೇಕಿಲ್ಲ. ಸರಿಯಾದ ಜಾಗದ ಆಯ್ಕೆ ಮತ್ತು ಇಡೀ ದಿನ ಕಾಯುವ ತಾಳ್ಮೆ ಬೇಕು. 2022ರ ಜುಲೈ 13ರಂದು ಆಲ್ಬರ್ವಿಲ್‌ನಿಂದ ಹೊರಟ 11ನೇ ಹಂತ (ಸ್ಪರ್ಧೆಯ ಒಂದು ದಿನದ ಓಟ), ಗಾಲಿಬಿಯೇ ಘಟ್ಟವನ್ನು ದಾಟಿ, 2,413 ಮೀಟರ್ ಎತ್ತರದ ಗ್ರಾನೋನ್ ಘಟ್ಟದಲ್ಲಿ ಮುಗಿಯುವುದನ್ನು ನೋಡಲು ನಾನು ಮತ್ತು ನನ್ನ ತಮ್ಮ ಹೋಗಿದ್ದೆವು.

ಸ್ಪರ್ಧೆಯ ಮಾರ್ಗ ಸಾಮಾನ್ಯವಾಗಿ ಹಿಂದಿನ ವರ್ಷದ ಅಕ್ಟೋಬರಿನಲ್ಲೇ ಪ್ರಕಟವಾಗುತ್ತದೆ. ವಸತಿಯನ್ನು ಆಗಲೇ ಕಾದಿರಿಸಿ, ಷೆಂಗೆನ್ ವೀಸಾಕ್ಕೆ ಬೇಸಿಗೆಯ ನೂಕುನುಗ್ಗಲಿಗೆ ಮೊದಲೇ ಅರ್ಜಿ ಹಾಕಿರಿ. ಮರುದಿನದ ಹಂತ ಹತ್ತಿರದ ಪಟ್ಟಣ ಬ್ರಿಯಾನ್ಸೋನ್‌ನಿಂದಲೇ ಹೊರಡುವುದಿದ್ದುದರಿಂದ ನಾವು ಅಲ್ಲಿಯೇ ತಂಗಿದೆವು. ಒಂದೇ ಕೋಣೆಯಿಂದ ಎರಡು ದಿನ ನೋಡಲು ಸಾಧ್ಯವಾಯಿತು.

ಗ್ರಾನೋನ್ ಏರು 11.3 ಕಿ.ಮೀ. ಉದ್ದವಿದ್ದು, ಸರಾಸರಿ ಶೇ. 9ಕ್ಕೂ ಹೆಚ್ಚು ಕಡಿದಾಗಿದೆ. ವಾಹನ ಸಂಚಾರ ಬಹಳ ಮುಂಚೆಯೇ ನಿಲ್ಲುವುದರಿಂದ ಬೆಳಗಿನ ತಂಪಿನಲ್ಲಿ ನಡೆದೇ ಹತ್ತಿದೆವು. ತಲಾ ಮೂರು ಲೀಟರ್ ನೀರು, ಬುತ್ತಿ, ಟೋಪಿ, ಸಂಜೆಯ ಚಳಿಗೊಂದು ಜಾಕೆಟ್, ಇವಿಷ್ಟೂ ನಿಮ್ಮ ಚೀಲದಲ್ಲೇ ಇರಬೇಕು.

ಗುರಿಗೆರೆಯ ಬಳಿ ನಿಲ್ಲಬೇಡಿ ಎಂಬುದು ನನ್ನ ಖಚಿತ ಸಲಹೆ. ಅಲ್ಲಿ ಬೇಲಿ ಮತ್ತು ಜನಜಂಗುಳಿಯ ನಡುವೆ ಏನೂ ಕಾಣುವುದಿಲ್ಲ. ನಾವು ತುದಿಗಿಂತ ಸುಮಾರು ಎರಡು ಕಿ.ಮೀ. ಕೆಳಗೆ, ತಿರುವುಗಳು ದೂರದವರೆಗೂ ಕಾಣುವಲ್ಲಿ ಕುಳಿತೆವು. ಗಾಲಿಬಿಯೇಯಲ್ಲಿ ಒಂದೇ ತಂಡದ ಸವಾರರಾದ ರೋಗ್ಲಿಚ್ ಮತ್ತು ವಿಂಗೆಗೋರ್ ಸರದಿಯಂತೆ ಮುನ್ನುಗ್ಗಿ ತಾದೇಯ್ ಪೊಗಾಚಾರ್ ಅವರನ್ನು ದಣಿಸುತ್ತಿದ್ದ ಸುದ್ದಿ ಪಕ್ಕದವರ ರೇಡಿಯೊದಿಂದ ತಿಳಿಯಿತು. ಆದರೂ 2020 ಮತ್ತು 2021ರ ವಿಜೇತರಾದ ಪೊಗಾಚಾರ್ ಸೋಲಬಹುದೆಂದು ನಮಗೆ ಅನ್ನಿಸಿರಲಿಲ್ಲ. ಕೊನೆಗೆ ತಿರುವಿನಲ್ಲಿ ಡೆನ್ಮಾರ್ಕಿನ ಯೋನಾಸ್ ವಿಂಗೆಗೋರ್ ಒಬ್ಬರೇ ಕಾಣಿಸಿಕೊಂಡರು. ಅವರ ಹಿಂದೆ, ಒಟ್ಟು ಸಮಯದಲ್ಲಿ ಮುಂದಿರುವವರು ತೊಡುವ ಹಳದಿ ಅಂಗಿಗಾಗಿ, ಅಂದರೆ ಪೊಗಾಚಾರ್ ಅವರಿಗಾಗಿ, ಎಲ್ಲರೂ ಕೆಳಗೆ ಬಗ್ಗಿ ನೋಡುತ್ತಲೇ ಇದ್ದರು. ಬೇರೆ ಸವಾರರು ಬಂದರು, ಪೊಗಾಚಾರ್ ಬರಲಿಲ್ಲ. ಬಂದಾಗ ಅವರ ಅಂಗಿಯ ಜಿಪ್ ತೆರೆದಿತ್ತು, ಭುಜಗಳು ತೂಗುತ್ತಿದ್ದವು. ಬೆಳಿಗ್ಗೆ 39 ಸೆಕೆಂಡು ಮುಂದಿದ್ದವರು ಆ ಹಂತದಲ್ಲಿ ವಿಂಗೆಗೋರ್‌ಗಿಂತ 2 ನಿಮಿಷ 51 ಸೆಕೆಂಡು ಹಿಂದೆ ಬಿದ್ದರು. ಅವರನ್ನು ಹುರಿದುಂಬಿಸಲು ಜನರೆಲ್ಲ ಮೊದಲಿಗಿಂತ ಗಟ್ಟಿಯಾಗಿ ಕೂಗಿದ್ದನ್ನು ನಾನು ಮರೆಯಲಾರೆ.

ಡಾಂಬರು ರಸ್ತೆ ತುದಿಯಲ್ಲೇ ಮುಗಿಯುವುದರಿಂದ ತಂಡಗಳ ವಾಹನಗಳೂ ಪ್ರೇಕ್ಷಕರೂ ಅದೇ ಕಿರಿದಾದ ದಾರಿಯಲ್ಲಿ ಇಳಿಯಬೇಕು. ಇಳಿಯಲು ಮೂರು ಗಂಟೆ ಮೀಸಲಿಡಿ, ಟಾರ್ಚ್ ಇರಲಿ. ಮರುದಿನ, ಜುಲೈ 14, ಫ್ರಾನ್ಸಿನ ರಾಷ್ಟ್ರೀಯ ರಜೆಯಾದ್ದರಿಂದ ಊಟದ ಸಾಮಾನನ್ನು ಮುಂಚಿತವಾಗಿ ಕೊಂಡಿಡಬೇಕು. ಅಂದು ಬೆಳಿಗ್ಗೆ ಬ್ರಿಯಾನ್ಸೋನ್‌ನಲ್ಲಿ ವಿಂಗೆಗೋರ್ ಹಳದಿ ಅಂಗಿಯಲ್ಲಿಯೂ ಪೊಗಾಚಾರ್ ಯುವ ಸವಾರರ ಬಿಳಿ ಅಂಗಿಯಲ್ಲಿಯೂ ಆಲ್ಪ್ ದ್ಯುಎಜ್ ಕಡೆಗೆ ಹೊರಟರು.