ಹಳೆಯ ಸಿಮೆಂಟ್ ಶೀಟು ತೆಗೆಸಬೇಕೆ?

ಕಲುಷಿತ ಜಾಗಗಳನ್ನು ಪರೀಕ್ಷಿಸಿ ಶುದ್ಧೀಕರಣಕ್ಕೆ ಸಲಹೆ ಕೊಡುವುದು ನನ್ನ ಉದ್ಯೋಗ ಎಂದು ತಿಳಿದ ಕೂಡಲೇ ನೆಂಟರು, ನೆರೆಹೊರೆಯವರು, ಶಾಲೆಯ ಮುಖ್ಯೋಪಾಧ್ಯಾಯರು, ಸಣ್ಣ ಕಾರ್ಖಾನೆಗಳ ಮಾಲೀಕರು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ನಮ್ಮ ಮಾಡಿಗೆ ಹೊದಿಸಿರುವುದು ಹಳೆಯ ಸಿಮೆಂಟ್ ಶೀಟು. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದಂತೆ, ಅದರಿಂದ ಕ್ಯಾನ್ಸರ್ ಬರುತ್ತದಂತೆ. ತೆಗೆಸಿಬಿಡಬೇಕೆ?"

ಶೀಟು ಗಟ್ಟಿಯಾಗಿದ್ದು, ಎಲ್ಲಿಯೂ ಒಡೆಯದೆ ಇದ್ದರೆ ಅವಸರ ಬೇಡ. ತೆಗೆಸಲೇಬೇಕೆಂದಿದ್ದರೆ, ಯಾರು ಹೇಗೆ ತೆಗೆಯುತ್ತಾರೆ, ತೆಗೆದದ್ದು ಎಲ್ಲಿಗೆ ಹೋಗುತ್ತದೆ ಎಂಬುದು ತೀರ್ಮಾನವಾಗುವವರೆಗೆ ಒಂದು ಬೋಲ್ಟನ್ನೂ ಮುಟ್ಟಬೇಡಿ. ಅದರ ಕೆಳಗೆ ವಾಸಿಸುವವರಿಗಿಂತ ಅದನ್ನು ಕತ್ತರಿಸುವವರಿಗೆ, ಒಡೆಯುವವರಿಗೆ, ಒಡೆದದ್ದನ್ನು ಗುಡಿಸುವವರಿಗೆ ಅಪಾಯ ಬಹಳ ಹೆಚ್ಚು.

ಕಾರಣ ಶೀಟಿನ ಒಳಗೇ ಇದೆ. ನಮ್ಮಲ್ಲಿ ತಯಾರಾಗುವ ಏರಿಳಿವಿನ ಸಿಮೆಂಟ್ ಶೀಟಿನ ತೂಕದಲ್ಲಿ ಸುಮಾರು ಶೇ 8ರಿಂದ 10ರಷ್ಟು ಕ್ರೈಸೋಟೈಲ್, ಅಂದರೆ ಬಿಳಿ ಕಲ್ನಾರು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಸಿಮೆಂಟ್ ಮತ್ತು ಹಾರುಬೂದಿ. ಸಿಮೆಂಟ್ ಆ ನಾರನ್ನು ಬಿಗಿಯಾಗಿ ಹಿಡಿದಿರುವವರೆಗೆ ಅದು ಗಾಳಿಗೆ ಬರುವುದು ಕಡಿಮೆ. ಗ್ರೈಂಡರ್ ತಾಗಿದಾಗ, ಡ್ರಿಲ್ ಇಳಿದಾಗ, ಸುತ್ತಿಗೆಯ ಏಟು ಬಿದ್ದಾಗ ಆ ಹಿಡಿತ ತಪ್ಪುತ್ತದೆ. ಕಲ್ನಾರು ಬೇರೆ ಕಲ್ಲುಗಳಂತೆ ಹರಳಾಗಿ ಒಡೆಯುವುದಿಲ್ಲ. ಬಾಳೆಯ ದಿಂಡಿನ ನಾರಿನಂತೆ ಉದ್ದಕ್ಕೆ ಸೀಳುತ್ತದೆ. ಸೀಳಿದಷ್ಟೂ ತೆಳುವಾಗುತ್ತಾ ಹೋಗಿ, ಕೊನೆಗೆ ಕಣ್ಣಿಗೆ ಕಾಣದ ಎಳೆಯಾಗಿ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಗಾಳಿಯ ಮಾದರಿಯನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವಾಗ 5 ಮೈಕ್ರೋಮೀಟರಿಗಿಂತ ಉದ್ದವಿರುವ, ದಪ್ಪಕ್ಕಿಂತ ಕನಿಷ್ಠ ಮೂರು ಪಟ್ಟು ಉದ್ದವಿರುವ ಎಳೆಗಳನ್ನು ಲೆಕ್ಕಕ್ಕೆ ಹಿಡಿಯುತ್ತೇವೆ. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರೋಮೀಟರುಗಳಿವೆ ಎಂಬುದನ್ನು ನೆನೆದರೆ ಆ ಎಳೆ ಎಷ್ಟು ಸಣ್ಣದೆಂದು ತಿಳಿಯುತ್ತದೆ. ಅಂಥದ್ದು ಶ್ವಾಸಕೋಶದ ಆಳಕ್ಕೆ ಇಳಿದರೆ, ಹೊರಗಿನ ಕಣಗಳನ್ನು ನುಂಗಿ ಕರಗಿಸಬೇಕಾದ ಜೀವಕೋಶಗಳಿಗೆ ಉದ್ದನೆಯ ಎಳೆಯನ್ನು ಪೂರ್ತಿ ನುಂಗಲಾಗುವುದಿಲ್ಲ. ಅವು ಸೋತು ಸಾಯುತ್ತವೆ, ಸುತ್ತ ಉರಿಯೂತ ಉಳಿಯುತ್ತದೆ, ವರ್ಷಾನುಗಟ್ಟಲೆ ಉಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬಿಳಿ ಕಲ್ನಾರನ್ನೂ ಸೇರಿಸಿ ಎಲ್ಲ ಬಗೆಯ ಕಲ್ನಾರನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಶ್ವಾಸಕೋಶ, ಧ್ವನಿಪೆಟ್ಟಿಗೆ ಮತ್ತು ಅಂಡಾಶಯದ ಕ್ಯಾನ್ಸರ್ ಆ ಪಟ್ಟಿಯಲ್ಲಿವೆ. ಶ್ವಾಸಕೋಶದ ಹೊದಿಕೆಗೆ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರಿಗಂತೂ ಕಲ್ನಾರೇ ಮುಖ್ಯ ಕಾರಣ. ಬೀಡಿ, ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಹಲವು ಪಟ್ಟು ಏರುತ್ತದೆ. ಇದೆಲ್ಲದರಲ್ಲಿ ನನ್ನನ್ನು ಹೆಚ್ಚು ಕಾಡುವುದು ಕಾಲದ ಅಂತರ. ಕಾಯಿಲೆ ಕಾಣಿಸಿಕೊಳ್ಳಲು ಇಪ್ಪತ್ತರಿಂದ ನಲವತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು.

"ನಮ್ಮ ತಾತ ಇದೇ ಶೀಟಿನ ಕೆಳಗೆ ತೊಂಬತ್ತು ದಾಟುವವರೆಗೆ ಬಾಳಿದರು, ಏನೂ ಆಗಲಿಲ್ಲ" ಎನ್ನುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಶೀಟನ್ನು ಅಳತೆಗೆ ಕತ್ತರಿಸಿ ಕೂರಿಸಿದ ಕೆಲಸಗಾರ ಈಗ ಎಲ್ಲಿದ್ದಾನೆಂದು ಯಾರಿಗಾದರೂ ಗೊತ್ತೆ? ಇಪ್ಪತ್ತೈದರ ವಯಸ್ಸಿನಲ್ಲಿ ಊರೂರು ತಿರುಗಿ ಶೀಟು ಕೊರೆದವನು ಅರವತ್ತಕ್ಕೆ ಏದುಸಿರು ಬಿಡುತ್ತಾ ಆಸ್ಪತ್ರೆಗೆ ಹೋದರೆ, ಹಿಂದೆ ಯಾವ ಕೆಲಸ ಮಾಡುತ್ತಿದ್ದೆ ಎಂದು ಕೇಳುವವರು ಕಡಿಮೆ. ಕೇಳಿದರೂ ಮೂವತ್ತೈದು ವರ್ಷದ ಹಿಂದಿನ ದೂಳು ಅವನಿಗೆ ನೆನಪಾಗುವುದು ಕಷ್ಟ. ಏನೂ ಆಗಲಿಲ್ಲ ಎಂಬ ನಂಬಿಕೆ ಉಳಿದುಕೊಂಡಿರುವುದು ಹೀಗೆ.

ಹಾಗಾದರೆ ಸರ್ಕಾರ ಏಕೆ ನಿಷೇಧಿಸಿಲ್ಲ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ಬ್ರಿಟನ್ 1999ರಲ್ಲಿ, ಆಸ್ಟ್ರೇಲಿಯಾ 2003ರ ಕೊನೆಯಲ್ಲಿ ಕಲ್ನಾರನ್ನು ನಿಷೇಧಿಸಿದವು. ದಶಕಗಳ ಕಾಲ ಅದನ್ನು ಜಗತ್ತಿಗೆಲ್ಲ ಮಾರಿದ ಕೆನಡಾ ಕೂಡ 2018ರಲ್ಲಿ ಬಾಗಿಲು ಹಾಕಿತು. ಹಿಂದೊಮ್ಮೆ ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಲೂ ಕಲ್ನಾರನ್ನು ಅಗೆಯುತ್ತಿದ್ದರು. 1986ರಲ್ಲಿ ಭಾರತ ಹೊಸ ಗಣಿ ಗುತ್ತಿಗೆ ಕೊಡುವುದನ್ನು ನಿಲ್ಲಿಸಿತು. ಆದರೆ ರಷ್ಯಾ ಮೊದಲಾದ ದೇಶಗಳಿಂದ ಆಮದಾಗುವ ಬಿಳಿ ಕಲ್ನಾರಿನಿಂದ ಶೀಟು ತಯಾರಿಕೆ ಇಂದಿಗೂ ನಡೆಯುತ್ತಿದೆ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕಾರ್ಮಿಕನ ಆರೋಗ್ಯ ಅವನ ಮೂಲಭೂತ ಹಕ್ಕು ಎಂದು ಸಾರಿ, ಕಲ್ನಾರಿನ ಕಾರ್ಖಾನೆಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಅವನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆದೇಶಿಸಿತು. ಕಾಯಿಲೆಯ ನಿಧಾನವನ್ನು ನ್ಯಾಯಾಲಯ ಸರಿಯಾಗಿ ಗುರುತಿಸಿತ್ತು. ಆದರೆ ಮಾಡು ಹತ್ತಿ ಶೀಟು ಕೊರೆಯುವವನ ಹೆಸರು ಯಾವ ಕಾರ್ಖಾನೆಯ ಪುಸ್ತಕದಲ್ಲೂ ಇಲ್ಲ. ನಿಷೇಧ ಬರಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ನಾಳೆಯೇ ಬಂದರೂ ಈಗಾಗಲೇ ಮಾಡುಗಳ ಮೇಲಿರುವ ಶೀಟುಗಳು ಹಾಗೆಯೇ ಇರುತ್ತವೆ, ಅವನ್ನೆಲ್ಲ ಎಂದೋ ಒಂದು ದಿನ ಯಾರೋ ಇಳಿಸಬೇಕಾಗುತ್ತದೆ.

ನಿಮ್ಮ ಶೀಟಿನಲ್ಲಿ ಕಲ್ನಾರು ಇದೆಯೇ ಎಂಬುದನ್ನು ಬರಿಗಣ್ಣಿನಿಂದ ನಿಶ್ಚಯವಾಗಿ ಹೇಳಲಾಗದು. ಕಲ್ನಾರಿಲ್ಲದ ನಾರು ಸಿಮೆಂಟ್ ಶೀಟುಗಳೂ ಮಾರುಕಟ್ಟೆಯಲ್ಲಿವೆ, ನೋಡಲು ಎರಡೂ ಒಂದೇ. ಪ್ರಯೋಗಾಲಯದಲ್ಲಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದ ಕೆಳಗೆ ಸಣ್ಣದೊಂದು ಚೂರನ್ನು ನೋಡಿದರೆ ಉತ್ತರ ಸಿಗುತ್ತದೆ. ಪರೀಕ್ಷೆ ಮಾಡಿಸದಿದ್ದರೆ, ಹಳೆಯ ಶೀಟೆಲ್ಲ ಕಲ್ನಾರಿನದೇ ಎಂದು ಭಾವಿಸಿ ನಡೆದುಕೊಳ್ಳಿ.

ಇನ್ನು ಶೀಟಿನ ಸ್ಥಿತಿ. ಬಿಸಿಲು ಮಳೆಗೆ ಮೈಯೊಡ್ಡಿದ ಮೇಲ್ಮೈಯ ಸಿಮೆಂಟ್ ವರ್ಷಗಳು ಕಳೆದಂತೆ ಸವೆಯುತ್ತದೆ, ಪಾಚಿ ಹಿಡಿಯುತ್ತದೆ, ನಾರಿನ ತುದಿಗಳು ಹೊರಗೆ ಇಣುಕುತ್ತವೆ. ಮಳೆನೀರು ಅವನ್ನು ತೊಳೆದುಕೊಂಡು ಬಂದು ಮಾಡಿನಂಚಿನ ನೀರು ಹರಿಯುವ ದೋಣಿಯಲ್ಲಿ, ಸೂರಿನ ಕೆಳಗಿನ ಮಣ್ಣಿನಲ್ಲಿ ಬಿಡುತ್ತದೆ. ದೋಣಿಯ ಕೆಸರನ್ನು ಒಣಗಲು ಬಿಡದೆ, ಒದ್ದೆಯಿರುವಾಗಲೇ ತೆಗೆದು ಚೀಲಕ್ಕೆ ಕಟ್ಟಬೇಕು ಎಂದು ನಾನು ಹೇಳುವುದು ಇದಕ್ಕೇ. ದೀಪಾವಳಿಗೋ ಯುಗಾದಿಗೋ ಮಾಡನ್ನು ತಂತಿಯ ಬ್ರಷ್ಷಿನಿಂದ ಉಜ್ಜುವುದು, ಒತ್ತಡದ ನೀರಿನ ಯಂತ್ರ ಹಿಡಿದು ಪಾಚಿ ಹಾರಿಸುವುದು ಎರಡೂ ಬೇಡವೇ ಬೇಡ. ಗಟ್ಟಿಯಾಗಿರುವ ಶೀಟಿಗೆ ಉಜ್ಜದೆಯೇ ಬಣ್ಣದ ಲೇಪ ಕೊಟ್ಟರೆ ನಾರು ಒಳಗೇ ಉಳಿಯುತ್ತದೆ. ಸೋಲಾರ್ ಪೈಪಿಗೆಂದು, ಡಿಶ್ ಆಂಟೆನಾದ ತಂತಿಗೆಂದು ತೂತು ಕೊರೆಯುವ ಬದಲು ಗೋಡೆಯ ಮೂಲಕ ದಾರಿ ಹುಡುಕಿ. ಅಂಚು ಒಡೆದಿದ್ದರೆ, ಕೈಯಿಂದ ಒತ್ತಿದರೆ ಪುಡಿ ಉದುರಿದರೆ, ಬಿರುಗಾಳಿಗೆ ಅರ್ಧ ಹಾರಿಹೋಗಿದ್ದರೆ, ಕೆಳಗೆ ಮಕ್ಕಳು ದಿನವಿಡೀ ಕೂರುವ ತರಗತಿಯಿದ್ದರೆ, ಆಗ ತೆಗೆಸಲು ಯೋಜನೆ ಹಾಕಿ.

ತೆಗೆಯುವ ವಿಧಾನ ಕಷ್ಟದ್ದೇನಲ್ಲ, ಆದರೆ ತಾಳ್ಮೆ ಬೇಡುತ್ತದೆ. ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ: ಹಳೆಯ ಶೀಟಿನ ಮೇಲೆ ಯಾರೂ ಕಾಲಿಡಬಾರದು. ಶೀಟು ಮುರಿದು ಕೆಳಗೆ ಬಿದ್ದವನನ್ನು ಕೊಲ್ಲಲು ಕ್ಯಾನ್ಸರ್ ನಲವತ್ತು ವರ್ಷ ಕಾಯಬೇಕಿಲ್ಲ. ಕೆಳಗಿನಿಂದ ಅಟ್ಟಣಿಗೆ ಕಟ್ಟಿ ಕೆಲಸ ಮಾಡಬೇಕು. ಬೋಲ್ಟಿನ ಸುತ್ತ ಸೋಪುನೀರು ಸಿಂಪಡಿಸಿ, ತುಕ್ಕು ಹಿಡಿದ ಕೊಕ್ಕೆಯನ್ನು ಬೋಲ್ಟ್ ಕಟ್ಟರಿನಿಂದ ಕತ್ತರಿಸಿ, ಶೀಟನ್ನು ಇಡಿಯಾಗಿ, ಒಂದೊಂದಾಗಿ ಇಳಿಸಬೇಕು. ಎಸೆಯುವಂತಿಲ್ಲ, ಎಳೆಯುವಂತಿಲ್ಲ. ಕೆಲಸಗಾರನ ಮುಖಕ್ಕೆ ಅತಿ ಸಣ್ಣ ಕಣವನ್ನೂ ತಡೆಯುವ ಪಿ100 ದರ್ಜೆಯ ಅಥವಾ ಅದಕ್ಕೆ ಸಮನಾದ ಸೋಸುಕ (ಫಿಲ್ಟರ್) ಇರುವ ಮುಖವಾಡ ಬೇಕು. ಕೊರೋನಾ ಕಾಲದ ಬಟ್ಟೆಯ ಮಾಸ್ಕ್ ಇಲ್ಲಿ ಕೆಲಸಕ್ಕೆ ಬಾರದು, ಎನ್95 ಕೂಡ ಕಲ್ನಾರಿನ ಕೆಲಸಕ್ಕೆ ಸಾಲದು. ಗಡ್ಡವಿದ್ದರೆ ಮುಖವಾಡ ಚರ್ಮಕ್ಕೆ ಬಿಗಿಯಾಗಿ ಕೂರುವುದಿಲ್ಲ, ನಾರು ಸಂದಿಯಿಂದ ಒಳಗೆ ಬರುತ್ತದೆ. ಕೆಳಗೆ ಬಿದ್ದ ಚೂರನ್ನು ಕಸಪೊರಕೆಯಿಂದ ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನೂ ಅದೇ ಕಸಕ್ಕೆ ಸೇರಿಸಬೇಕು. ಕೆಲಸದ ಬಟ್ಟೆಯನ್ನು ಮನೆಗೆ ಒಯ್ಯಬಾರದು. ಕಲ್ನಾರಿನ ಕಾರ್ಖಾನೆಗೆ ಒಂದು ದಿನವೂ ಕಾಲಿಡದ ಹೆಂಗಸರು ಗಂಡಂದಿರ ಬಟ್ಟೆ ಒಗೆದೇ ಮೆಸೊಥೆಲಿಯೋಮಾಕ್ಕೆ ತುತ್ತಾದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ.

ಇಷ್ಟೂ ಮಾಡಿದ ಮೇಲೆ ಎದುರಾಗುವುದು ನಿಜವಾದ ತೊಡಕು. ಇಳಿಸಿದ ಶೀಟು ಎಲ್ಲಿಗೆ ಹೋಗಬೇಕು? 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ದೊಡ್ಡ ಕಾರ್ಖಾನೆ ತನ್ನ ಕಲ್ನಾರಿನ ಕಸವನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಚೀಟಿ ಅಂಟಿಸಿ, ಬೆಂಗಳೂರು ಬಳಿಯ ದಾಬಸ್‌ಪೇಟೆಯಲ್ಲಿರುವಂಥ, ಅಪಾಯಕಾರಿ ಕಸ ಹೂಳುವ ಭದ್ರ ಹೂಳುತಾಣಕ್ಕೆ ಕಾಗದಪತ್ರದೊಂದಿಗೆ ಕಳುಹಿಸಬಹುದು. ಮೂವತ್ತು ಶೀಟಿನ ಮನೆಯವರು ಏನು ಮಾಡಬೇಕು? ಅವರ ಕೈಗೆಟಕುವ ವ್ಯವಸ್ಥೆಯನ್ನು ನಾವು ಕಟ್ಟಿಲ್ಲ. ಹೀಗಾಗಿ ಗಟ್ಟಿ ಶೀಟು ಗುಜರಿಯ ಮೂಲಕ ಯಾರದೋ ಕೊಟ್ಟಿಗೆಗೆ, ಕಾರ್ಮಿಕರ ಶೆಡ್ಡಿಗೆ ಹೋಗುತ್ತದೆ. ಒಡೆದದ್ದು ರಸ್ತೆಯ ಗುಂಡಿಗೆ, ಕೆರೆಯಂಚಿಗೆ, ಖಾಲಿ ನಿವೇಶನಕ್ಕೆ. ಅದರ ಮೇಲೆ ಟ್ರ್ಯಾಕ್ಟರ್ ಓಡಿ, ಪುಡಿಯಾಗಿ, ಮಣ್ಣಿನಲ್ಲಿ ಬೆರೆತ ಮೇಲೆ ನನ್ನ ಉದ್ಯೋಗದ ಇನ್ನೊಂದು ಭಾಗ ಶುರುವಾಗುತ್ತದೆ: ಜಾಗವನ್ನು ಚೌಕಗಳಾಗಿ ಗುರುತಿಸಿ, ಗುಂಡಿ ತೋಡಿ, ಮಣ್ಣನ್ನು ಪದರಪದರವಾಗಿ ನೋಡಿ, ಚೂರುಗಳನ್ನು ಕೈಯಿಂದ ಆರಿಸಿ, ಉಳಿದ ಮಣ್ಣನ್ನು ಸೂಕ್ಷ್ಮದರ್ಶಕಕ್ಕೆ ಕಳುಹಿಸುವುದು. ಆಮೇಲೆ ಅಗೆದು ಸಾಗಿಸಬೇಕು, ಇಲ್ಲವೇ ಹೊದಿಕೆ ಹಾಸಿ ಮೇಲೆ ಶುದ್ಧ ಮಣ್ಣು ತುಂಬಬೇಕು. ಶೀಟು ಇಡಿಯಾಗಿದ್ದಾಗ ಒಂದು ಲಾರಿಯಲ್ಲಿ ಮುಗಿಯುತ್ತಿದ್ದ ಕೆಲಸ ಈಗ ಇಡೀ ನಿವೇಶನದ ಮೇಲ್ಮಣ್ಣನ್ನೇ ಕೇಳುತ್ತದೆ.

ಒಡೆದ ಶೀಟನ್ನು ರಸ್ತೆಗೆ ಹಾಕಿದರೆ ಅಷ್ಟೇನು ಎನ್ನುವವರಿಗೆ ನಾನು ನೆದರ್ಲೆಂಡ್ಸಿನ ಹೋರ್ ಎಂಬ ಪಟ್ಟಣದ ಕಥೆ ಹೇಳುತ್ತೇನೆ. ಅಲ್ಲಿನ ಕಲ್ನಾರು ಸಿಮೆಂಟ್ ಕಾರ್ಖಾನೆ 1930ರ ದಶಕದಿಂದ 1970ರ ದಶಕದವರೆಗೆ ತನ್ನ ಕಸವನ್ನು ಸುತ್ತಲಿನ ಜನರಿಗೆ ಪುಕ್ಕಟೆ ಕೊಡುತ್ತಿತ್ತು. ರೈತರು ಅದರಿಂದ ಅಂಗಳ, ಹೊಲದ ದಾರಿ ಗಟ್ಟಿ ಮಾಡಿಕೊಂಡರು. ಒಳ್ಳೆಯ ಉಪಯೋಗವೆಂದೇ ಎಲ್ಲರೂ ನಂಬಿದ್ದರು. ದಶಕಗಳ ನಂತರ ಆ ಸುತ್ತಿನ ಹೆಂಗಸರಲ್ಲಿ ಮೆಸೊಥೆಲಿಯೋಮಾ ನಿರೀಕ್ಷೆಗಿಂತ ಹೆಚ್ಚು ಕಾಣಿಸಿಕೊಂಡಾಗ ಸಂಶೋಧಕರು ಬೆರಳು ತೋರಿಸಿದ್ದು ಆ ದಾರಿಗಳತ್ತ. ದಾರಿಗಳನ್ನು, ಅಂಗಳಗಳನ್ನು ಒಂದೊಂದಾಗಿ ಅಗೆದು ಶುದ್ಧೀಕರಿಸುವ ಹೊರೆ ಸಾರ್ವಜನಿಕ ಹಣದ ಮೇಲೆ ಬಿತ್ತು. ನಮ್ಮ ದೇಶದಲ್ಲಿಯೇ ಜಾರ್ಖಂಡಿನ ಚಾಯಿಬಾಸಾ ಬಳಿಯ ರೋರೋ ಬೆಟ್ಟದಲ್ಲಿ 1983ರಲ್ಲಿ ಮುಚ್ಚಿದ ಕಲ್ನಾರು ಗಣಿಯ ತ್ಯಾಜ್ಯ ಗುಡ್ಡವಾಗಿ ಬಿದ್ದು, ಮಳೆಗಾಲದಲ್ಲಿ ಕೆಳಗಿನ ಹೊಲಗಳಿಗೆ ಇಳಿಯುತ್ತಾ ಬಂದಿದೆ.

2025ರ ಜುಲೈಯಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮಗಳನ್ನು ತಂದಿದೆ. ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಅರ್ಧ ವರ್ಷಕ್ಕೊಮ್ಮೆ ಅನುಮಾನವಿರುವ ಜಾಗಗಳ ಪಟ್ಟಿ ಮಾಡಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪರೀಕ್ಷಿಸಬೇಕು, ಕಲುಷಿತಗೊಳಿಸಿದವರೇ ಖರ್ಚು ಭರಿಸಬೇಕು ಎಂಬುದು ಅದರ ತಿರುಳು. ನಾನು ಈ ನಿಯಮಗಳನ್ನು ಮನಸಾರೆ ಸ್ವಾಗತಿಸುತ್ತೇನೆ. ಒಡೆದ ಶೀಟು ಸುರಿದ ಜಾಗಗಳನ್ನೂ ಆ ಪಟ್ಟಿಗೆ ಬರೆಯುವ ಅಧಿಕಾರಿಗಳು ನಮಗೆ ಬೇಕು. ಪ್ರತಿ ತಾಲ್ಲೂಕಿಗೊಂದು ಸಂಗ್ರಹ ಸ್ಥಳ, ತಿಂಗಳಿಗೊಮ್ಮೆ ಅಲ್ಲಿಂದ ಹೂಳುತಾಣಕ್ಕೆ ಒಂದು ಲಾರಿ ಇದ್ದರೂ ಸಾಕು, ಬಹುಪಾಲು ಶೀಟು ಮಣ್ಣು ಸೇರುವುದು ತಪ್ಪುತ್ತದೆ.

ಹಳೆಯ ಕಾರ್ಖಾನೆ ಕೊಂಡು ಅಪಾರ್ಟ್‌ಮೆಂಟ್ ಕಟ್ಟಲು ಹೊರಟವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಅಲ್ಲಿ ಮಾಡಿನ ಶೀಟಿಗಿಂತ ಬಾಯ್ಲರಿನ, ಉಗಿ ಕೊಳವೆಯ ಸುತ್ತಲಿನ ಹೊದಿಕೆಗೆ ಹೆದರಿ. ಅದರಲ್ಲಿ ನಾರನ್ನು ಹಿಡಿದಿಡುವ ಸಿಮೆಂಟ್ ಇಲ್ಲ, ಬೆರಳು ತಾಗಿದರೂ ಉದುರುತ್ತದೆ. ಆ ಭಾಗವನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಒಳಗಿನ ಗಾಳಿಯನ್ನು ಸೋಸಿ ಹೊರಹಾಕುತ್ತಾ, ಒತ್ತಡ ಹೊರಗಿಗಿಂತ ಕಡಿಮೆ ಇರುವಂತೆ ನೋಡಿಕೊಂಡು ತೆಗೆಯಬೇಕು. ಬ್ರಿಟನ್ನಿನಲ್ಲಿ ಕೊನೆಯ ಗಾಳಿ ಪರೀಕ್ಷೆಯಲ್ಲಿ ಪ್ರತಿ ಮಿಲಿಲೀಟರಿಗೆ 0.01 ಎಳೆಗಿಂತ ಕಡಿಮೆ ಇದೆಯೆಂದು ಖಚಿತವಾಗದೆ ಆ ಪ್ಲಾಸ್ಟಿಕ್ ಹಾಳೆ ಕಳಚುವುದಿಲ್ಲ. ಆ ಪರೀಕ್ಷೆ ಮಾಡುವವನು ತೆಗೆದ ಗುತ್ತಿಗೆದಾರನ ಕಡೆಯವನಾಗಿರಬಾರದು.

ಮನೆಯವರಿಗೂ ಇದೇ ಎಚ್ಚರ ಬೇಕು. ಗುತ್ತಿಗೆದಾರ ತರುವ ಅಂದಾಜು ಪಟ್ಟಿಯಲ್ಲಿ ಹೊಸ ಮಾಡಿನ ಖರ್ಚಿನ ಜೊತೆಗೆ ಅಟ್ಟಣಿಗೆ, ಮುಖವಾಡ, ಸುತ್ತುವ ಪ್ಲಾಸ್ಟಿಕ್, ಸಾಗಣೆ, ಹೂಳುತಾಣದ ಶುಲ್ಕ ಬೇರೆಬೇರೆ ಸಾಲಾಗಿ ಇವೆಯೇ ನೋಡಿ. "ಹಳೆಯ ಶೀಟು ನಾವೇ ಪುಕ್ಕಟೆ ಒಯ್ಯುತ್ತೇವೆ" ಎಂದು ಬರೆದಿದ್ದರೆ ಎಲ್ಲಿಗೆ ಎಂದು ಕೇಳಿ. ಅದಕ್ಕೆ ಲಿಖಿತ ಉತ್ತರ ಸಿಗುವವರೆಗೆ ಮುಂಗಡ ಕೊಡಬೇಡಿ.