ಪುಪೂಸಾದ ಭಾನುವಾರ: ತೆಳು ಸಾಲ್ಸಾ, ಬೇರೆ ಖಾರ

36 ಪುಪೂಸಾಕ್ಕೆ, ಎಂದರೆ ಎಲ್ ಸಾಲ್ವಡಾರಿನ ಹೂರಣದ ರೊಟ್ಟಿಗೆ, ಒಂದೂವರೆ ಲೀಟರಿಗೂ ಸ್ವಲ್ಪ ಮೇಲೆ ಟೊಮೇಟೊ ಸಾಲ್ಸಾ ಬೇಕು. ಒಂದೊಂದಕ್ಕೆ ಮೂರು ದೊಡ್ಡ ಚಮಚದ ಲೆಕ್ಕ. ಕೇಳಿದರೆ ಜಾಸ್ತಿ ಅನ್ನಿಸುತ್ತದೆ, ಆದರೆ ಅದಕ್ಕಿಂತ ಕಡಿಮೆ ಮಾಡಿದರೆ ಎರಡನೇ ಸುತ್ತಿಗೇ ಜಗ್ಗು ಖಾಲಿ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿಗೆ ಹತ್ತಿರದ, ಮೇರಿಲ್ಯಾಂಡಿನ ವ್ಹೀಟನ್‌ನಲ್ಲಿ, ನವೆಂಬರಿನ ಎರಡನೇ ಭಾನುವಾರ, ಹನ್ನೆರಡು ಜನರ ಊಟಕ್ಕೆ ಹಾಕಿದ ಲೆಕ್ಕ ಇದು. ದಿನ ಸುಮ್ಮನೆ ಆರಿಸಿದ್ದಲ್ಲ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ಶಾಸನಸಭೆ 2005ರಲ್ಲಿ ಪುಪೂಸಾವನ್ನು ರಾಷ್ಟ್ರೀಯ ತಿನಿಸು ಎಂದು ಸಾರಿ, ಈ ಭಾನುವಾರವನ್ನು ಅದಕ್ಕೆಂದೇ ಮೀಸಲಿಟ್ಟಿತು. 1980ರಿಂದ 1992ರವರೆಗೆ ಅಲ್ಲಿ ನಡೆದ ಅಂತರ್ಯುದ್ಧದಲ್ಲಿ ಊರು ಬಿಟ್ಟವರು ವಾಷಿಂಗ್ಟನ್ನಿನ ಸುತ್ತಮುತ್ತ ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದಾರೆ. ಹಾಗಾಗಿ ಹಿಟ್ಟು, ಲೊರೋಕೊ ಮೊಗ್ಗು, ಕೆಸಿಯೊ ಚೀಸು ಎಲ್ಲವೂ ಇಲ್ಲಿ ಬೀದಿ ಬದಿಯ ಅಂಗಡಿಯಲ್ಲೇ ಸಿಗುತ್ತವೆ.

ಪುಪೂಸಾ ಎಂದರೆ ಹೂರಣ ತುಂಬಿದ ಮೆಕ್ಕೆಜೋಳದ ದಪ್ಪ ರೊಟ್ಟಿ. ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ, ತೊಳೆದು, ಬೀಸಿದ ಹಿಟ್ಟೇ ಆಗಬೇಕು. ಬರೀ ಮೆಕ್ಕೆಜೋಳದ ಹಿಟ್ಟಿಗೆ ನೀರು ಕಲಸಿದರೆ ಕಣಕ ಕೂಡುವುದಿಲ್ಲ, ಒಡೆಯುತ್ತದೆ. ಒಳಗೆ ನುಣ್ಣಗೆ ಅರೆದ ಹಂದಿಮಾಂಸ, ಅರೆದು ಹುರಿದ ಬೀನ್ಸು, ಎಳೆ ಎಳೆಯಾಗಿ ಕರಗುವ ಚೀಸು, ಇಲ್ಲವೇ ಚೀಸಿನ ಜೊತೆ ಲೊರೋಕೊ ಎಂಬ ಬಳ್ಳಿಯ ಮೊಗ್ಗು. ಎಲ್ಲವೂ ಜಿಡ್ಡಿನವು, ಉಪ್ಪಿನವು. ಹೊರಗಿನ ಕಣಕ ಮಾತ್ರ ಸಪ್ಪೆ, ಒಣ. ಜೊತೆಗೆ ಏನು ಬೇಕು ಎನ್ನುವುದು ಇಲ್ಲಿಂದಲೇ ತೀರ್ಮಾನವಾಗುತ್ತದೆ.

ಹೊರಗಿನವರು ಮಾಡುವ ಮೊದಲ ತಪ್ಪು ಮೆಕ್ಸಿಕೋ ಶೈಲಿಯ ಸಾಲ್ಸಾ ಮಾಡುವುದು: ಹಸಿ ಟೊಮೇಟೊ, ಹಸಿ ಈರುಳ್ಳಿ, ನಿಂಬೆ, ಕೈತುಂಬ ಹಸಿಮೆಣಸು. ತಿನ್ನಲು ಚೆನ್ನಾಗಿಯೇ ಇರುತ್ತದೆ, ಪುಪೂಸಾಕ್ಕೆ ಮಾತ್ರ ಒಗ್ಗುವುದಿಲ್ಲ. ಸಾಲ್ವಡಾರಿನವರ ಮೇಜಿನ ಮೇಲೆ ಕೆಲಸ ಹಂಚಿಕೊಂಡ ಮೂರು ಪಾತ್ರೆಗಳಿರುತ್ತವೆ. ಹುಳಿ ಮತ್ತು ಗರಿಗರಿತನ ಕುರ್ತೀದೊದ, ಎಂದರೆ ವಿನೆಗರಿನಲ್ಲಿ ನೆನೆದ ಎಲೆಕೋಸಿನ, ಪಾಲು. ಖಾರ ವಿನೆಗರಿನಲ್ಲಿ ನೆನೆದ ಮೆಣಸಿನಕಾಯಿಯದು. ಟೊಮೇಟೊ ಸಾಲ್ಸಾಕ್ಕೆ ಉಳಿದದ್ದು ತೇವ ಮತ್ತು ಒಂದಿಷ್ಟು ಸಿಹಿ, ಅಷ್ಟೇ. ಅದು ಬೆಂದಿರಬೇಕು, ತೆಳುವಾಗಿರಬೇಕು, ಖಾರವಿಲ್ಲದೆ ಇರಬೇಕು. ಆ ದಿನ ಒಲೆಯ ಮುಂದೆ ನಿಂತಿದ್ದ ಎಲ್ ಸಾಲ್ವಡಾರಿನ ಸಾಂತಾ ಆನಾ ಕಡೆಯ ಹಿರಿಯಾಕೆ, ಯಾರೋ ಸೆರಾನೊ ಮೆಣಸಿನಕಾಯಿ ಹಿಡಿದು ಪಾತ್ರೆಯ ಹತ್ತಿರ ಬಂದಾಗ ಸೌಟನ್ನು ಅಡ್ಡ ಹಿಡಿದರು. "ಖಾರ ಬೇಕಾದವರಿಗೆ ಬಾಟಲಿ ಇದೆಯಲ್ಲ, ಮಕ್ಕಳೇನು ತಿನ್ನಬೇಕು?"

ಸಾಲ್ಸಾಕ್ಕೆ ಒಂದೂವರೆ ಕಿಲೊ ರೋಮಾ ಟೊಮೇಟೊ, ಎಂದರೆ ಉದ್ದನೆಯವು ಹದಿನೇಳು ಹದಿನೆಂಟು. 150 ಗ್ರಾಂ ಬಿಳಿ ಈರುಳ್ಳಿ, ಒಂದು ಸಣ್ಣ ಹಸಿರು ದೊಣ್ಣೆಮೆಣಸು, ಮೂರು ಎಸಳು ಬೆಳ್ಳುಳ್ಳಿ, ಐದಾರು ಕಡ್ಡಿ ಕೊತ್ತಂಬರಿ, ಒಂದು ಚಿಕ್ಕ ಚಮಚ ಓರೆಗಾನೋ, ಎರಡು ದೊಡ್ಡ ಚಮಚ ಎಣ್ಣೆ, ಎರಡು ಚಿಕ್ಕ ಚಮಚ ಉಪ್ಪು. ನವೆಂಬರಿನ ಅಮೆರಿಕದ ಟೊಮೇಟೊಗೆ ಕೆಂಪು ಬರೀ ಸಿಪ್ಪೆಯಲ್ಲಿ. ಕೊಯ್ದರೆ ಒಳಗೆ ನಸುಗುಲಾಬಿ. ಅದಕ್ಕೆ ಎರಡು ದೊಡ್ಡ ಚಮಚ ಟೊಮೇಟೊ ಪೇಸ್ಟು ಸೇರಿಸಲೇಬೇಕಾಯಿತು. ಆಗಸ್ಟಿನಲ್ಲಾದರೆ ಬೇಡ.

ಟೊಮೇಟೊ, ಈರುಳ್ಳಿ, ದೊಣ್ಣೆಮೆಣಸು, ಬೆಳ್ಳುಳ್ಳಿ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಮುಳುಗುವಷ್ಟು ನೀರು ಹಾಕಿ ಬೇಯಿಸಬೇಕು. ಕುದಿ ಬಂದ ಮೇಲೆ ಹತ್ತು ಹನ್ನೆರಡು ನಿಮಿಷ. ಟೊಮೇಟೊ ಸಿಪ್ಪೆ ಬಿರಿದು ಸುರುಳಿಯಾಗಬೇಕು, ಈರುಳ್ಳಿ ಚಾಕು ತಾಗಿದರೆ ಇಳಿಯಬೇಕು. ಈರುಳ್ಳಿ ಅರೆಬೆಂದಿದ್ದರೆ ಮುಂದೆ ಎಷ್ಟು ಕುದಿಸಿದರೂ ಹಸಿ ವಾಸನೆ ಹೋಗುವುದು ಕಷ್ಟ, ಆದ್ದರಿಂದ ಅದನ್ನು ನಾಲ್ಕು ಹೋಳು ಮಾಡಿ ಟೊಮೇಟೊಗಿಂತ ಐದು ನಿಮಿಷ ಮುಂಚೆ ನೀರಿಗೆ ಬಿಡುವುದು ವಾಸಿ. ಬೇಯಿಸಿದ ನೀರನ್ನು ಚೆಲ್ಲಬಾರದು, 300 ಮಿಲಿಲೀಟರಿನಷ್ಟು ತೆಗೆದಿಡಬೇಕು.

ಸಿಪ್ಪೆ ತೆಗೆದು, ಹದಿನೈದು ನಿಮಿಷ ಆರಿಸಿ, ಆಮೇಲೆ ಮಿಕ್ಸಿಗೆ. ಬಿಸಿ ಬಿಸಿ ಹಾಕಿ ಮುಚ್ಚಳ ಬಿಗಿದರೆ ಒಳಗಿನ ಹಬೆ ಒಮ್ಮೆಗೇ ಹಿಗ್ಗಿ ಮುಚ್ಚಳ ಹಾರುತ್ತದೆ, ಗೋಡೆಯಿಂದ ಮೊಣಕೈವರೆಗೆ ಕೆಂಪು. ಅವಸರವೇ ಇದ್ದರೆ ಜಾರು ಅರ್ಧ ಮಾತ್ರ ತುಂಬಿ, ಮುಚ್ಚಳದ ನಡುವಿನ ಬಿರಡೆ ತೆಗೆದು, ಆ ತೂತಿನ ಮೇಲೆ ಬಟ್ಟೆ ಹಿಡಿದು ತಿರುಗಿಸಬೇಕು. ಇಪ್ಪತ್ತು ಸೆಕೆಂಡು ಸಾಕು.

ಮಿಕ್ಸಿಯಿಂದ ಹೊರಬಂದದ್ದನ್ನು ನೋಡಿ ಗಾಬರಿಯಾಗುವವರು ಬಹಳ. ಕೆಂಪು ಹೋಗಿ ನೊರೆನೊರೆಯಾದ ಸಪ್ಪೆ ಗುಲಾಬಿ ಬಣ್ಣ. ಅದು ಸೇರಿಕೊಂಡ ಗಾಳಿಯ ಆಟ. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ಪೇಸ್ಟನ್ನು ಅದರಲ್ಲಿ ಒಂದು ನಿಮಿಷ ಹುರಿದು, ಅರೆದದ್ದನ್ನು ಸುರಿದಾಗ ಮೊದಲು ಸಿಡಿಯುತ್ತದೆ, ಅದಕ್ಕೇ ಒಂದು ಕೈಯಲ್ಲಿ ತಟ್ಟೆ ಅಡ್ಡ ಇರಬೇಕು. ಎರಡು ಮೂರು ನಿಮಿಷಕ್ಕೆ ನೊರೆ ಅಂಚಿಗೆ ಸರಿಯುತ್ತದೆ, ನಡುವೆ ಗಾಢ ಕೆಂಪು ಕಣ್ಣುಗಳು ತೆರೆದುಕೊಳ್ಳುತ್ತವೆ, ಏಳೆಂಟು ನಿಮಿಷಕ್ಕೆ ಪಾತ್ರೆಯೆಲ್ಲ ಅದೇ ಬಣ್ಣ. ಆಗ ಓರೆಗಾನೋವನ್ನು ಅಂಗೈಯಲ್ಲಿ ಉಜ್ಜಿ ಉದುರಿಸಬೇಕು, ಉಪ್ಪು ಹಾಕಬೇಕು. ಕೊತ್ತಂಬರಿಯನ್ನು ಅರೆಯಬಾರದು. ಕೆಂಪಿಗೆ ಹಸಿರು ಬೆರೆತರೆ ಕೆಸರಿನ ಬಣ್ಣ ಬರುತ್ತದೆ. ಕಡ್ಡಿಸಮೇತ ದಾರ ಕಟ್ಟಿ ಕುದಿಯಲ್ಲಿ ಬಿಟ್ಟು, ಇಳಿಸುವಾಗ ಎತ್ತಿಬಿಡುವುದೇ ಸರಿ. ಒಟ್ಟು ಹದಿನೈದು ನಿಮಿಷ ಸಣ್ಣ ಕುದಿ.

ಹದ ಎಲ್ಲಿ ತಪ್ಪುತ್ತದೆ ಎಂದರೆ ಇಲ್ಲಿಯೇ. ತಿಳಿಸಾರಿಗಿಂತ ಗಟ್ಟಿ, ಗೊಜ್ಜಿಗಿಂತ ತುಂಬ ತೆಳು ಅನ್ನುವ ನಡುವಣ ಜಾಗ. ತಟ್ಟೆಯ ಮೇಲೆ ಒಂದು ಚಮಚ ಸುರಿದು ಓರೆ ಮಾಡಿದರೆ ಒಂದೇ ಪದರವಾಗಿ ಹರಿಯಬೇಕು. ಸುತ್ತ ನೀರಿನ ಉಂಗುರ ಬಿಟ್ಟುಕೊಂಡರೆ ಇನ್ನೂ ಕುದಿಯಬೇಕು. ಗುಡ್ಡೆಯಾಗಿ ನಿಂತರೆ ತೆಗೆದಿಟ್ಟ ನೀರನ್ನು ಐವತ್ತು ಐವತ್ತು ಮಿಲಿಲೀಟರು ಸೇರಿಸುತ್ತ ಬರಬೇಕು. ಇಷ್ಟು ತೆಳುವೇಕೆ ಎನ್ನುವುದು ಬಡಿಸುವಾಗ ಗೊತ್ತಾಗುತ್ತದೆ. ಪುಪೂಸಾದ ಮೇಲೆ ಎಲೆಕೋಸಿನ ರಾಶಿ, ಅದರ ಮೇಲೆ ಸಾಲ್ಸಾ. ಅದು ಎಲೆಕೋಸಿನ ಸಂದಿಯಿಂದ ಇಳಿದು ರೊಟ್ಟಿಯನ್ನು ಮುಟ್ಟಬೇಕು. ಗಟ್ಟಿ ಸಾಲ್ಸಾ ಮೇಲೇ ಕೂರುತ್ತದೆ, ಕೈಯಲ್ಲಿ ಮುರಿದು ಬಾಯಿಗಿಡುವಾಗ ಮಡಿಲಿಗೆ ಬೀಳುತ್ತದೆ. ಪುಪೂಸಾ ಅಂಗಡಿಗಳಲ್ಲಿ ಹಿಂಡುವ ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡುವುದು ರೂಢಿ. ಹೋಳುಗಳಿದ್ದರೆ ಮೂತಿ ಕಟ್ಟಿಕೊಳ್ಳುತ್ತದೆ.

ಉಪ್ಪಿನ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಕು. ಸಾಲ್ಸಾವನ್ನು ಬರೀ ಚಮಚದಲ್ಲಿ ನೆಕ್ಕಿ ನೋಡಿದರೆ ಉಪ್ಪು ಸಾಲದು ಅನ್ನಿಸುತ್ತದೆ. ಚೀಸಿನಲ್ಲಿ, ಮಾಂಸದಲ್ಲಿ, ಕುರ್ತೀದೊದಲ್ಲಿ ಆಗಲೇ ಇದೆ. ಮೊದಲ ಪುಪೂಸಾ ಕಾವಲಿಯಿಂದ ಇಳಿದ ಮೇಲೆ, ಮೂರನ್ನೂ ಸೇರಿಸಿ ಒಂದು ತುತ್ತು ತಿಂದೇ ಸರಿಪಡಿಸಬೇಕು. ಲೊರೋಕೊ ಹೂರಣವಿದ್ದರೆ ಬೆಳ್ಳುಳ್ಳಿಯನ್ನೂ ಒಂದೇ ಎಸಳಿಗೆ ಇಳಿಸುವುದು ಒಳ್ಳೆಯದು, ಆ ಮೊಗ್ಗಿನ ಘಮ ಬೆಳ್ಳುಳ್ಳಿಯ ಮುಂದೆ ನಿಲ್ಲುವುದಿಲ್ಲ.

ನಮ್ಮ ಕೈ ತಾನಾಗಿ ಜೀರಿಗೆ ಡಬ್ಬಿಗೆ ಹೋಗುತ್ತದೆ, ಒಗ್ಗರಣೆ ಕೊಟ್ಟರೆ ಹೇಗೆ ಅನ್ನಿಸುತ್ತದೆ. ಬೇಡ. ಬಣ್ಣಕ್ಕೆಂದು ಬ್ಯಾಡಗಿ ಪುಡಿಯೂ ಬೇಡ, ಹುಡಿ ತಳಕ್ಕೆ ಕೂತು ತರಿಯಾಗುತ್ತದೆ.

ಬೇಯಿಸುವ ಬದಲು ಸುಡುವ ಇನ್ನೊಂದು ಬಗೆಯೂ ಇದೆ, ಆ ದಿನ ಅರ್ಧ ಕಿಲೊ ಟೊಮೇಟೊಗೆ ಅದನ್ನೂ ಮಾಡಿದ್ದಾಯಿತು. ಎಣ್ಣೆ ಹಾಕದ ಒಣ ಕಾವಲಿಯ ಮೇಲೆ ಇಡೀ ಟೊಮೇಟೊ, ದಪ್ಪ ಈರುಳ್ಳಿ ಬಿಲ್ಲೆ, ಸಿಪ್ಪೆ ಬಿಡಿಸದ ಬೆಳ್ಳುಳ್ಳಿ. ಟೊಮೇಟೊಗೆ ಹನ್ನೆರಡರಿಂದ ಹದಿನೈದು ನಿಮಿಷ, ಬೆಳ್ಳುಳ್ಳಿಗೆ ಅದರ ಅರ್ಧ. ಕಾವಲಿ ಸಾಕಷ್ಟು ಕಾಯದಿದ್ದರೆ ಟೊಮೇಟೊ ಸುಡುವ ಬದಲು ನೀರು ಬಿಟ್ಟು ಅಂಟಿಕೊಳ್ಳುತ್ತದೆ. ಕಪ್ಪಾದ ಸಿಪ್ಪೆಯಲ್ಲಿ ಮೂರನೇ ಒಂದು ಪಾಲು ಉಳಿಸಿಕೊಂಡು ಉಳಿದದ್ದು ತೆಗೆಯಬೇಕು, ಪೂರ್ತಿ ಬಿಟ್ಟರೆ ಕಹಿ. ಇದನ್ನು ಕಲ್ಲಿನಲ್ಲಿ ಜಜ್ಜಿದರೆ ರುಚಿ ಹೆಚ್ಚು, ಆದರೆ ತರಿತರಿಯಾಗಿ ಉಳಿಯುವುದರಿಂದ ನನ್ನ ಮಟ್ಟಿಗೆ ಇದು ಸುಟ್ಟ ಮಾಂಸದ ಜೊತೆಗೇ ಸರಿ. ಪುಪೂಸಾಕ್ಕೆ ಬೇಯಿಸಿದ್ದೇ.

ಖಾರದ ಬಾಟಲಿಯನ್ನು ಶುಕ್ರವಾರವೇ ಹಾಕಿಟ್ಟಿತ್ತು. ಎರಡು ದಿನವಾದರೂ ಬೇಕು. ಎಲ್ ಸಾಲ್ವಡಾರಿನಲ್ಲಿ ಚಿಲ್ತೆಪೆ ಎಂಬ ಪುಟ್ಟ ಮೆಣಸು ಬಳಸುತ್ತಾರೆ, ಇಲ್ಲಿ ಸೆರಾನೊ. ಹನ್ನೆರಡು ಕಾಯಿ, ಬಿಲ್ಲೆ ಮಾಡಿದ ಒಂದು ಕ್ಯಾರೆಟ್, ಅರ್ಧ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಚಿಟಿಕೆ ಓರೆಗಾನೋ. ಶೇಕಡಾ 5ರ ವಿನೆಗರ್ 300 ಮಿಲಿಲೀಟರು, ನೀರು 100, ಉಪ್ಪು ಒಂದೂವರೆ ಚಿಕ್ಕ ಚಮಚ, ಕುದಿಸಿ ಬಿಸಿಯಾಗಿಯೇ ಸುರಿಯುವುದು. ಇಡೀ ಕಾಯಿ ಹಾಕುವುದಾದರೆ ಒಂದೊಂದಕ್ಕೂ ಚಾಕುವಿನ ತುದಿಯಿಂದ ಸೀಳು ಕೊಡಬೇಕು. ಇಲ್ಲದಿದ್ದರೆ ವಿನೆಗರ್ ಒಳಗಿಳಿಯದೆ ಕಾಯಿ ತೇಲುತ್ತದೆ, ಖಾರವೂ ಹೊರಬರುವುದಿಲ್ಲ. ಖಾರ ತಗ್ಗಿಸಬೇಕೆಂದರೆ ಬೀಜ ಕೊಡವಿದರೆ ಸಾಲದು, ಬೀಜ ಅಂಟಿಕೊಂಡಿರುವ ಬಿಳಿ ದಿಂಡನ್ನೇ ಕೆರೆಯಬೇಕು; ಖಾರ ಇರುವುದು ಅದರಲ್ಲಿ. ಬೆಳ್ಳುಳ್ಳಿ ಕೆಲವೊಮ್ಮೆ ನೀಲಿಹಸಿರು ತಿರುಗುತ್ತದೆ. ಕೆಟ್ಟಿದ್ದಲ್ಲ, ಅದರ ಗಂಧಕದ ಅಂಶಕ್ಕೂ ಹುಳಿಗೂ ನಡೆಯುವ ಕ್ರಿಯೆ.

ಕುರ್ತೀದೊ ಶನಿವಾರ ಸಂಜೆಯ ಕೆಲಸ. ಒಂದೂವರೆ ಕಿಲೊ ಎಲೆಕೋಸನ್ನು ದಾರದಂತೆ ಹೆಚ್ಚಿ, ಕುದಿಯುವ ನೀರು ಸುರಿದು ಒಂದೇ ನಿಮಿಷ ಬಿಟ್ಟು, ಬಸಿದು, ತಣ್ಣೀರಲ್ಲಿ ಜಾಲಿಸಿ, ಹಿಂಡಬೇಕು. ಎರಡು ನಿಮಿಷ ದಾಟಿದರೆ ಸೋತುಹೋಗುತ್ತದೆ. ಹಿಂಡದೆ ಬಿಟ್ಟರೆ ಉಳಿದ ನೀರು ವಿನೆಗರನ್ನು ತೆಳುವಾಗಿಸಿ ಮರುದಿನ ಎಲ್ಲ ಸಪ್ಪೆ. ಮೂರು ತುರಿದ ಕ್ಯಾರೆಟ್, ಒಂದು ತೆಳು ಈರುಳ್ಳಿ, ಒಂದೂವರೆ ಕಪ್ ವಿನೆಗರ್, ಅಷ್ಟೇ ನೀರು, ಒಂದು ದೊಡ್ಡ ಚಮಚ ಉಪ್ಪು, ಒಂದು ದೊಡ್ಡ ಚಮಚ ಓರೆಗಾನೋ. ಎಲ್ ಸಾಲ್ವಡಾರಿನ ಮನೆಗಳಲ್ಲಿ ಅನಾನಸ್ ಸಿಪ್ಪೆಯಿಂದ ಮಾಡಿದ ವಿನೆಗರ್ ಹಾಕುವುದುಂಟು, ಅದು ಇನ್ನೂ ಮೃದು.

ಓರೆಗಾನೋ ಬಗ್ಗೆ ಒಂದು ಮಾತು. ಪಿಜ್ಜಾ ಜೊತೆ ಪೊಟ್ಟಣದಲ್ಲಿ ಬರುವುದು ಸಾಮಾನ್ಯವಾಗಿ ಪುದೀನ ಕುಟುಂಬದ ಮೆಡಿಟರೇನಿಯನ್ ಗಿಡ. ಮಧ್ಯ ಅಮೆರಿಕದ್ದು ಬೇರೆಯೇ ಕುಟುಂಬದ್ದು, ವಾಸನೆ ಗಾಢ, ಸ್ವಲ್ಪ ನಿಂಬೆಯ ಛಾಯೆ. ಸಿಕ್ಕರೆ ಅದೇ ತರಬೇಕು.

ಸಸ್ಯಾಹಾರಿಗಳು ಹೊರಗೆ ತಿನ್ನುವಾಗ ಹೂರಣವನ್ನಷ್ಟೇ ವಿಚಾರಿಸಿ ಸುಮ್ಮನಾಗುತ್ತಾರೆ. ಸಾಲ್ಸಾವನ್ನೂ ಕೇಳಬೇಕು, ಏಕೆಂದರೆ ಕೋಳಿ ಸಾರಿನ ಪುಡಿ ಹಾಕುವುದು ಸಾಮಾನ್ಯ. ಬೀನ್ಸನ್ನು ಹಂದಿ ಕೊಬ್ಬಿನಲ್ಲಿ ಹುರಿಯುವುದೂ ಇದೆ. ಪುಡಿಯ ಬದಲು ಮನೆಯಲ್ಲಿ ಈರುಳ್ಳಿಯ ಅರ್ಧವನ್ನು ಬೇಯಿಸದೆ ಎಣ್ಣೆಯಲ್ಲಿ ಕೆಂಪಗೆ ಹುರಿದು ಅರೆದರೆ ಆ ಕೊರತೆ ತುಂಬುತ್ತದೆ. ಬೆಂಗಳೂರಿನಲ್ಲಿ ಮಾಡುವವರು ನಾಟಿ ಟೊಮೇಟೊ ಬಿಟ್ಟು ಹೈಬ್ರಿಡ್ ತೆಗೆದುಕೊಳ್ಳಲಿ, ನಾಟಿಯ ಹುಳಿ ಕುರ್ತೀದೊದ ಹುಳಿಯ ಜೊತೆ ಜಗಳಕ್ಕೆ ನಿಲ್ಲುತ್ತದೆ. ನಾಟಿಯೇ ಸಿಕ್ಕಿದ್ದರೆ ಅರ್ಧ ಕ್ಯಾರೆಟ್ ಜೊತೆಗೆ ಬೇಯಿಸಿ ಅರೆಯಬಹುದು.

ಬಡಿಸುವಾಗ ಸಾಲ್ಸಾ ಉಗುರುಬೆಚ್ಚಗಿರಲಿ. ಫ್ರಿಜ್ಜಿನಿಂದ ನೇರ ಸುರಿದರೆ ಕರಗಿದ ಚೀಸು ಅಲ್ಲೇ ರಬ್ಬರಾಗುತ್ತದೆ.

ಉಳಿದದ್ದು ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಶೀಶೆಗೆ ತುಂಬಿ, ಕುದಿನೀರಲ್ಲಿಟ್ಟು ವರ್ಷಕ್ಕೆ ಕಾಪಿಡುವ ಆಸೆ ಬಂದರೆ ಈ ಅಳತೆಯಲ್ಲಿ ಮಾಡಬಾರದು. ಟೊಮೇಟೊದ ಹುಳಿ ಸುರಕ್ಷಿತ ಗಡಿಯಾದ ಪಿಎಚ್ 4.6ರ ಆಸುಪಾಸಿನಲ್ಲೇ ಇರುತ್ತದೆ; ಈರುಳ್ಳಿ, ದೊಣ್ಣೆಮೆಣಸು, ಬೆಳ್ಳುಳ್ಳಿ ಸೇರಿದ ಮೇಲೆ ಹುಳಿ ಕಡಿಮೆಯಾಗಿ ಪಿಎಚ್ ಆ ಗಡಿ ದಾಟಿ ಮೇಲೇರಬಹುದು, ಗಾಳಿಯಾಡದ ಶೀಶೆಯಲ್ಲಿ ಬೊಟುಲಿಸಂ ವಿಷಕ್ಕೆ ಅಷ್ಟೇ ಸಾಕು. ಫ್ರೀಜರೇ ಸಲೀಸು. ಡಬ್ಬಿಯಲ್ಲಿ ಮೇಲೆ ಎರಡು ಸೆಂಟಿಮೀಟರ್ ಜಾಗ ಬಿಟ್ಟು ತುಂಬಬೇಕು, ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. ಕರಗಿಸಿದಾಗ ನೀರು ಒಂದು ಕಡೆ, ತಿರುಳು ಒಂದು ಕಡೆ ಆಗಿರುತ್ತದೆ. ಒಂದು ಕುದಿ ಬರಿಸಿ ಕಡೆಗೋಲಾಡಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ.