ಸ್ವೀಡನ್ನಿನಲ್ಲಿ ಮಕ್ಕಳಿಗೆ ಒಂದೇಟೂ ಹಾಕುವಂತಿಲ್ಲ

ಊರಿಗೆ ಫೋನ್ ಮಾಡಿದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ಅಲ್ಲಿ ಮಕ್ಕಳಿಗೆ ಒಂದೇಟು ಹಾಕಿದ್ರೂ ಪೊಲೀಸರು ಎಳ್ಕೊಂಡು ಹೋಗ್ತಾರಂತೆ, ನಿಜವೇನೋ?" ಹೌದು ಅಂದರೂ ಪೂರ್ತಿ ಸರಿಯಲ್ಲ, ಇಲ್ಲ ಅಂದರೂ ಪೂರ್ತಿ ಸರಿಯಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಾನಿರುವುದು ಸ್ಟಾಕ್‌ಹೋಮ್‌ನಲ್ಲಿ. ಮನೆಯೊಳಗೂ ಮಕ್ಕಳಿಗೆ ಹೊಡೆಯಬಾರದು ಎಂದು ಜಗತ್ತಿನಲ್ಲೇ ಮೊದಲು ಕಾನೂನು ಮಾಡಿದ ದೇಶ ಸ್ವೀಡನ್, 1979ರಲ್ಲಿ. ಹಾಗಂತ ಇಲ್ಲಿಯವರು ಹುಟ್ಟಾ ಸಾಧುಗಳೇನಲ್ಲ. ನಮ್ಮಲ್ಲಿ ಹುಣಿಸೆ ಬರಲು ಇದ್ದ ಹಾಗೆ ಇವರಿಗೆ ಬರ್ಚ್ ಮರದ ಬರಲು ಇತ್ತು. ಪ್ರಾಥಮಿಕ ಶಾಲೆಗಳಲ್ಲಿ ಹೊಡೆತಕ್ಕೆ ನಿಷೇಧ ಬಂದದ್ದು 1958ರಲ್ಲಿ. ಮಕ್ಕಳನ್ನು ದಂಡಿಸುವ ಅಧಿಕಾರ ಅಪ್ಪ ಅಮ್ಮನಿಗಿದೆ ಎನ್ನುವ ಮಾತನ್ನು 1966ರಲ್ಲಿ ಕಾನೂನಿನಿಂದ ತೆಗೆದರು. ಆದರೆ 'ಹೊಡೆಯಬಾರದು' ಎಂದು ಕಡ್ಡಿ ಮುರಿದಂತೆ ಬರೆಯಲು ಮತ್ತೆ 13 ವರ್ಷ ಹಿಡಿಯಿತು.

ಆ 1979ರ ಕಾನೂನಿನಲ್ಲಿ ಒಂದು ವಿಚಿತ್ರ ಇದೆ. ಹೊಡೆದರೆ ಇಷ್ಟು ದಂಡ, ಇಷ್ಟು ಜೈಲು ಅಂತ ಆ ಕಲಮಿನಲ್ಲಿ ಒಂದಕ್ಷರವೂ ಇಲ್ಲ. ಗಾಯವಾಗುವಂತೆ ಬಡಿದರೆ ಎಲ್ಲ ಹಲ್ಲೆಗೂ ಇರುವ ಕ್ರಿಮಿನಲ್ ಕಾನೂನೇ ಸಾಕು. ಹಾಗಾದರೆ ಹೊಸದಾಗಿ ಏನು ಮಾಡಿದರು? ಎರಡು ತಿಂಗಳು ಹಾಲಿನ ಪೊಟ್ಟಣಗಳ ಮೇಲೆ ಇದನ್ನು ಅಚ್ಚು ಹಾಕಿಸಿದರು. ಮಕ್ಕಳಿರುವ ಮನೆಗಳಿಗೆಲ್ಲ ಕಿರುಹೊತ್ತಗೆ ಕಳಿಸಿದರು, ವಲಸೆ ಬಂದವರಿಗೆ ಅವರವರ ಭಾಷೆಯಲ್ಲಿ. ಬೆಳಿಗ್ಗೆ ತಿಂಡಿಗೆ ಕೂತಾಗ ಅಪ್ಪ, ಅಮ್ಮ, ಓದು ಬರುವ ಮಗು ಎಲ್ಲರ ಕಣ್ಣೂ ಅದರ ಮೇಲೆ ಬೀಳಬೇಕು. ಗೆಜೆಟ್ಟಿನಲ್ಲಿ ಅಚ್ಚಾಗಿ ಧೂಳು ತಿನ್ನುವ ಎಷ್ಟು ಕಾನೂನು ನಾವು ನೋಡಿಲ್ಲ!

ಹೋದ ಬೇಸಿಗೆಯಲ್ಲಿ ಅಮ್ಮ ಹಾಸನದಿಂದ ಬಂದಿದ್ದರು. ಅಂಗಡಿಯಲ್ಲಿ ನನ್ನ ನಾಲ್ಕು ವರ್ಷದ ಮಗ ಚಾಕೊಲೇಟಿಗೆ ಹಟ ಹಿಡಿದು ನೆಲಕ್ಕೆ ಬಿದ್ದು ಹೊರಳಾಡಿದ. ಅಮ್ಮ ಕೈ ಎತ್ತಿ, "ಎರಡು ಬಿಟ್ಟೆ ಅಂದ್ರೆ ನೋಡು!" ಅಂದರು. ಕನ್ನಡ ಯಾರಿಗೂ ಅರ್ಥವಾಗಲಿಲ್ಲ, ಎತ್ತಿದ ಕೈ ಮಾತ್ರ ಎಲ್ಲರಿಗೂ ಅರ್ಥವಾಯಿತು. ಕ್ಯೂನಲ್ಲಿದ್ದವರು ತಿರುಗಿ ನೋಡಿದರು. ಅಮ್ಮನಿಗಿಂತ ಸ್ವಲ್ಪ ದೊಡ್ಡವರಿರಬೇಕು, ಒಬ್ಬ ಅಜ್ಜಿ ಬಂದು ಮಗನ ಪಕ್ಕ ಕುಕ್ಕರಗಾಲಲ್ಲಿ ಕೂತು ಏನೋ ಕೇಳಿದರು. ಅವನು ಅಳು ನಿಲ್ಲಿಸಿ ಅವರ ಟೋಪಿ ನೋಡತೊಡಗಿದ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಈಕೆ 1979ರಲ್ಲಿ ಚಿಕ್ಕ ಪ್ರಾಯದ ತಾಯಿ ಇದ್ದಿರಬೇಕು. ಬಾಲ್ಯದಲ್ಲಿ ಬರಲಿನ ರುಚಿ ಕಂಡು, ಆಮೇಲೆ ಹಾಲಿನ ಪೊಟ್ಟಣ ಓದಿದ ತಲೆಮಾರು.

ಮನೆಗೆ ಬಂದ ಮೇಲೆ ಅಮ್ಮನ ವಿಚಾರಣೆ ಶುರುವಾಯಿತು. "ನಾನೇನು ಹೊಡೆದೆನಾ? ಹೆದರಿಸಿದೆ ಅಷ್ಟೆ."

"ಅಮ್ಮ, ಇಲ್ಲಿ ಮಕ್ಕಳಿಗೆ ಅವಮಾನ ಆಗೋ ಹಾಗೆ ನಡ್ಕೊಳ್ಳೋದೂ ತಪ್ಪು. ಕತ್ತಲೆ ಕೋಣೆಯಲ್ಲಿ ಕೂಡಿಹಾಕೋದು, ನಾಲ್ಕು ಜನರ ಮುಂದೆ ಹೀಯಾಳಿಸೋದು, ಅಂಥದ್ದೆಲ್ಲ."

"ಹಾಗಾದ್ರೆ ನಿಮ್ಮಪ್ಪನ್ನ ಎಷ್ಟು ಸಲ ಒಳಗೆ ಹಾಕಬೇಕಿತ್ತೋ!"

ಇನ್ನು ಪೊಲೀಸರ ವಿಷಯ. ಶಾಲೆಯ ಟೀಚರ್, ಡಾಕ್ಟರ್, ನರ್ಸ್, ಶಿಶುವಿಹಾರದವರು ಇವರಿಗೆಲ್ಲ ಮಗುವಿಗೆ ಏಟು ಬೀಳುತ್ತಿದೆ ಎಂಬ ಅನುಮಾನ ಬಂದರೂ ಸಾಕು, ಸಮಾಜ ಕಲ್ಯಾಣ ಕಚೇರಿಗೆ ತಿಳಿಸಲೇಬೇಕು. ಅದು ಅವರ ಇಷ್ಟಕ್ಕೆ ಬಿಟ್ಟದ್ದಲ್ಲ, ಕಾನೂನಿನ ಕಟ್ಟಪ್ಪಣೆ. ಕಚೇರಿಯವರು ಕರೆಸಿ ಮಾತಾಡುತ್ತಾರೆ, ಪೊಲೀಸರಿಗೂ ದೂರು ಹೋಗಬಹುದು. ತೀರಾ ಕೆಟ್ಟ ಸಂದರ್ಭದಲ್ಲಿ ಮಗುವನ್ನು ಬೇರೆಡೆ ಇರಿಸುವ ಅಧಿಕಾರವೂ ಸರ್ಕಾರಕ್ಕಿದೆ. ವಲಸೆ ಬಂದವರಿಗೆ ಇದೇ ದೊಡ್ಡ ಭಯ. ಸ್ವೀಡನ್ ಮುಸ್ಲಿಮರ ಮಕ್ಕಳನ್ನು ಕದಿಯುತ್ತಿದೆ ಎಂಬ ಗಾಳಿಸುದ್ದಿ 2021ರ ಕೊನೆಯಿಂದ ಹೇಗೆ ಹಬ್ಬಿತೆಂದರೆ, ಸರ್ಕಾರವೇ ಮುಂದೆ ಬಂದು ಅಲ್ಲಗಳೆಯಬೇಕಾಯಿತು. ನಮ್ಮವರೂ ಹೊರತಲ್ಲ. ಯುಗಾದಿ ಊಟದಲ್ಲಿ ಹೊಸದಾಗಿ ಬಂದ ಜೋಡಿಗಳು ಹೋಳಿಗೆ ಮುರಿಯುತ್ತಾ ಮೆಲ್ಲಗೆ ಕೇಳುವುದು ಇದನ್ನೇ. ಭಾಷೆ ಬಾರದ ಊರಿನಲ್ಲಿ ಕಚೇರಿಯಿಂದ ಕಾಗದ ಬಂದರೆ ಎದೆ ಧಸಕ್ ಅನ್ನದೇ ಇರುತ್ತಾ? ಈ ಭಯವನ್ನು ಸ್ವೀಡನ್ ಇನ್ನೂ ಸರಿಯಾಗಿ ನಿಭಾಯಿಸಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಬೇರೆ ದೇಶಗಳ ಕಥೆ ಒಂದೊಂದು ಥರ. ಜರ್ಮನಿಗೆ ಈ ಕಾನೂನು ಬಂದದ್ದು 2000ದಲ್ಲಿ. ಬ್ರಿಟನ್ನಿನ ಕಥೆಯಂತೂ ತಮಾಷೆ. ಸ್ಕಾಟ್ಲೆಂಡ್ 2020ರಲ್ಲಿ, ವೇಲ್ಸ್ 2022ರಲ್ಲಿ ನಿಷೇಧಿಸಿದವು, ಇಂಗ್ಲೆಂಡಿನಲ್ಲಿ ಮಾತ್ರ 'ಹಿತಮಿತವಾದ ಶಿಕ್ಷೆ' ಎಂಬ ನೆಪ ಉಳಿಯಿತು. ಅಮೆರಿಕದ ಸುಪ್ರೀಂ ಕೋರ್ಟ್ 1977ರಲ್ಲಿ ಶಾಲೆಯಲ್ಲಿ ಹಲಗೆಯಿಂದ ಬಾರಿಸುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಟೆಕ್ಸಸ್‌ನಲ್ಲಿ ಹೊಡೆತಕ್ಕೆ ಅನುಮತಿ ಇರುವ ಶಾಲೆಗೆ ಮಗು ಹೋಗುತ್ತಿದ್ದರೆ, 'ನನ್ನ ಮಗುವಿಗೆ ಹೊಡೆಯಬೇಡಿ' ಎಂದು ಅಪ್ಪ ಅಮ್ಮ ಪ್ರತಿ ವರ್ಷ ಸಹಿ ಹಾಕಿ ಬರೆದುಕೊಡಬೇಕು. ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯ ಬೆತ್ತವನ್ನು ನಿಷೇಧಿಸಿದೆ. ಅಪ್ಪ ಅಮ್ಮನ ಕೈ ಕಟ್ಟುವ ಅಂಥ ಕಾನೂನಿಲ್ಲ.

ಬೆಂಗಳೂರಿನ ಅಕ್ಕನಿಗೆ ಇದನ್ನೆಲ್ಲ ಹೇಳಿದರೆ ಸರಿಯಾಗಿ ಜಾಡಿಸಿದಳು. "ನಿನಗೇನಪ್ಪ, ಐದಕ್ಕೆ ಮನೆ ಸೇರ್ತೀಯ. ನಾನು ಸಿಲ್ಕ್ ಬೋರ್ಡ್ ದಾಟಿ ಬರೋಷ್ಟರಲ್ಲಿ ಎಂಟೂವರೆ. ಆಮೇಲೆ ಅಡುಗೆ, ಹೋಂವರ್ಕು. ಸುಮ್ನೆ ಕೈ ಏಳುತ್ತೇನೋ?"

ಅವಳ ಮಾತಿನಲ್ಲಿ ಹುರುಳಿದೆ. ಸ್ವೀಡನ್ನಿನ ಹೊಡೆತದ ಕಾನೂನನ್ನು ಒಂಟಿಯಾಗಿ ನೋಡಿದರೆ ಅರ್ಥವೇ ಆಗುವುದಿಲ್ಲ. ಅದಕ್ಕಿಂತ ಐದು ವರ್ಷ ಮೊದಲು, 1974ರಲ್ಲೇ, ಇಲ್ಲಿ ಹೆರಿಗೆ ರಜೆಯನ್ನು ಅಪ್ಪ ಅಮ್ಮ ಹಂಚಿಕೊಳ್ಳುವ ರಜೆ ಮಾಡಿದ್ದರು. ಈಗ ಒಂದು ಮಗುವಿಗೆ 480 ದಿನದ ಭತ್ಯೆ. ಅದರಲ್ಲಿ 90 ದಿನ ಅಪ್ಪನಿಗೇ ಮೀಸಲು, ಅವನು ತೆಗೆದುಕೊಳ್ಳದಿದ್ದರೆ ಹೋಯಿತು ಅಷ್ಟೆ. ಮೊದಲು ಹೀಗೆ ಮೀಸಲು ಇರಲಿಲ್ಲ, ಆಗ ರಜೆಯಲ್ಲಿ ಬಹುಪಾಲು ಅಮ್ಮಂದಿರ ಲೆಕ್ಕಕ್ಕೇ ಹೋಗುತ್ತಿತ್ತು. 1995ರಲ್ಲಿ ಒಂದು ತಿಂಗಳು ಮೀಸಲಿಟ್ಟ ಮೇಲೆಯೇ ಅಪ್ಪಂದಿರು ಜಾಸ್ತಿ ಮನೆಯಲ್ಲಿ ಉಳಿಯತೊಡಗಿದ್ದು. ಮಗುವಿಗೆ ಎಂಟು ವರ್ಷ ಆಗುವವರೆಗೆ ಕೆಲಸದ ಹೊತ್ತನ್ನು ಕಾಲು ಭಾಗ ಕಡಿಮೆ ಮಾಡಿಕೊಳ್ಳಬಹುದು, ಸಂಬಳವೂ ಅಷ್ಟು ಕಡಿಮೆ. ಮಗುವಿಗೆ ಜ್ವರ ಬಂದರೆ ಮನೆಯಲ್ಲಿರಲು ಬೇರೆ ಭತ್ಯೆ. ನನ್ನ ಮ್ಯಾನೇಜರೇ "ಮಗನಿಗೆ ನೆಗಡಿ, ಇವತ್ತು ಮೀಟಿಂಗ್ ಇಲ್ಲ" ಎಂದು ಸಂಕೋಚವಿಲ್ಲದೆ ಮೆಸೇಜ್ ಹಾಕುತ್ತಾರೆ. ಹೊಡೆಯಬೇಡಿ ಅಂದ ಸರ್ಕಾರವೇ ತಾಳ್ಮೆಗೆ ಬೇಕಾದ ಬಿಡುವನ್ನೂ ಕೊಟ್ಟಿದೆ.

ನಮ್ಮಲ್ಲಿ 2017ರ ತಿದ್ದುಪಡಿಯಿಂದ ಅಮ್ಮನಿಗೆ 26 ವಾರ ಸಂಬಳದ ರಜೆ ಸಿಕ್ಕಿತು, ಅದು ದೊಡ್ಡ ಸಂಗತಿಯೇ. ಅಪ್ಪನಿಗೆ? ಕೇಂದ್ರ ಸರ್ಕಾರಿ ನೌಕರನಾದರೆ 15 ದಿನ. ಖಾಸಗಿ ಕೆಲಸವಾದರೆ ಕಂಪನಿ ಮನಸ್ಸು ಮಾಡಿದಷ್ಟು. ಅಕ್ಕನಿಗೆ ಎರಡನೇ ಹೆರಿಗೆಯಾದಾಗ ಭಾವನಿಗೆ ಸಿಕ್ಕದ್ದು ಒಂದು ವಾರ, ಅದರಲ್ಲೂ ಲ್ಯಾಪ್‌ಟಾಪ್ ಆಸ್ಪತ್ರೆಗೇ ಬಂದಿತ್ತು.